ಕೂರುವುದಕ್ಕೆ ಎಷ್ಟು?

ಇಜಕಾಯ ಎಂಬ ಜಪಾನೀ ಪದವನ್ನು ಬಿಡಿಸಿದರೆ ಮೂರು ತುಂಡು ಸಿಗುತ್ತವೆ. ‘ಇ’ ಅಂದರೆ ಇರುವುದು, ‘ಸಕ’ ಅಂದರೆ ಅಕ್ಕಿಯ ಮದ್ಯವಾದ ಸಾಕೆ, ‘ಯ’ ಅಂದರೆ ಅಂಗಡಿ. ಕೂಡುವಾಗ ‘ಸಕ’ ಎಂಬುದು ‘ಜಕ’ ಆಗುತ್ತದೆ, ನಮ್ಮಲ್ಲಿ ಹೊಸ ಕನ್ನಡ ‘ಹೊಸಗನ್ನಡ’ ಆಗುವ ಹಾಗೆ. ಇಂದಿನ ಟೋಕಿಯೋ ನಗರಕ್ಕೆ ಎದೊ ಎಂಬ ಹೆಸರಿದ್ದ ಕಾಲದಲ್ಲಿ ಮದ್ಯದಂಗಡಿಗೆ ಹೋದವರು ತಮ್ಮ ಪಾತ್ರೆಗೆ ಅಳೆಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಮನೆಗೆ ಒಯ್ಯುವ ಬದಲು ಅಲ್ಲೇ ಇದ್ದು ಕುಡಿದು ಹೋಗುವವರು ಹೆಚ್ಚಾದಂತೆ ಅಂಗಡಿಗಳು ಅವರಿಗೆ ಜಾಗ ಕೊಟ್ಟವು, ಜೊತೆಗೆ ಕಚ್ಚಿಕೊಳ್ಳಲು ಏನಾದರೂ ಕೊಟ್ಟವು. 1596ರಲ್ಲಿ ಶುರುವಾಯಿತೆನ್ನುವ, ಕಾಂಡಾ ಪ್ರದೇಶದ ತೊಶಿಮಾಯ ಎಂಬ ಅಂಗಡಿ ಮಿಸೊ ಹಚ್ಚಿ ಸುಟ್ಟ ತೋಫುವಿಗೆ ಹೆಸರಾಗಿತ್ತು. ಹೀಗೆ ಹುಟ್ಟಿದ್ದು ‘ಇದ್ದು ಕುಡಿಯುವ ಅಂಗಡಿ’.

ಆ ಪದದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೊದಲ ಅಕ್ಷರ. ನಮ್ಮ ಬೀದರ್, ಕಲಬುರಗಿ ಕಡೆ ಹೊರಟು ನಿಂತವರಿಗೆ ‘ಇರ್ರಿ, ಕೂಡ್ರಿ, ಏನ್ ಅವಸರ’ ಅನ್ನುತ್ತಾರೆ. ಅಲ್ಲಿ ‘ಇರು’ ಎಂಬುದೇ ಉಪಚಾರ. ಚಹಾ, ಚೂಡಾ ಆಮೇಲಿನ ಮಾತು. ದುಡ್ಡು ಕೊಟ್ಟು ಉಣ್ಣುವ ಜಾಗದಲ್ಲಿ ಆ ಉಪಚಾರ ಸಿಗುವುದುಂಟೇ? ಸಿಕ್ಕರೆ ಅದರ ಬೆಲೆ ಎಷ್ಟು, ಯಾರ ಕೈಗೆ ಎಟಕುತ್ತದೆ? ಇಜಕಾಯದ ಕತೆಗಳನ್ನು ಪಟಾನ್‌ಚೆರುವಿನಲ್ಲಿದ್ದುಕೊಂಡು ನೋಡುವಾಗ ಈ ಪ್ರಶ್ನೆ ಬಿಟ್ಟು ಬೇರೆ ಏನನ್ನೂ ಕೇಳಬೇಕೆನಿಸುವುದಿಲ್ಲ.

ನಮ್ಮಲ್ಲಿ ಬಹಳ ಮಂದಿಗೆ ಇಜಕಾಯದ ಪರಿಚಯ ಆದದ್ದು ‘ಮಿಡ್‌ನೈಟ್ ಡೈನರ್’ ಸರಣಿಯಿಂದ. ಅಬೆ ಯಾರೊ 2006ರಲ್ಲಿ ಶುರು ಮಾಡಿದ ‘ಶಿನ್ಯಾ ಶೊಕುದೊ’ ಎಂಬ ಮಾಂಗಾ 2009ರಲ್ಲಿ ಜಪಾನೀ ಟಿ.ವಿ.ಗೆ ಬಂತು, 2016ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಪಿ.ಜಿ. ಕೋಣೆಗಳಿಗೂ ಬಂತು. ಶಿಂಜುಕುವಿನ ಒಂದು ಓಣಿ, ಮಧ್ಯರಾತ್ರಿ 12ಕ್ಕೆ ತೆರೆದು ಬೆಳಿಗ್ಗೆ 7ಕ್ಕೆ ಮುಚ್ಚುವ ಒಂದು ಪುಟ್ಟ ಅಂಗಡಿ, ಕಣ್ಣಿನ ಮೇಲೆ ಗಾಯದ ಗುರುತಿರುವ ಮಿತಭಾಷಿ ಯಜಮಾನ. ಎಲ್ಲರೂ ಅವನನ್ನು ‘ಮಾಸ್ಟರ್’ ಎಂದೇ ಕರೆಯುತ್ತಾರೆ. ಕರಾರುವಾಕ್ಕಾಗಿ ಹೇಳಬೇಕೆಂದರೆ ಅದು ಇಜಕಾಯಕ್ಕಿಂತ ಊಟದಂಗಡಿ. ಆದರೆ ಕೌಂಟರಿನ ಸುತ್ತ ಕೂತು ಕುಡಿಯುತ್ತ, ತಿನ್ನುತ್ತ, ಪಕ್ಕದವರ ಮಾತಿಗೆ ತಲೆ ಹಾಕುತ್ತ ಹೊತ್ತು ಕಳೆಯುವ ರೀತಿ ಹಳೆಯ ಇಜಕಾಯದ್ದೇ.

ಗೋಡೆಯ ಮೇಲೆ ನಾಲ್ಕೇ ಪದಾರ್ಥ: ಹಂದಿಮಾಂಸದ ಮಿಸೊ ಸಾರಿನ ಊಟ, ಬಿಯರ್, ಸಾಕೆ, ಶೋಚು. ಮಾಂಗಾದಲ್ಲಿ ಊಟಕ್ಕೆ 600 ಯೆನ್, ದೊಡ್ಡ ಬಿಯರಿಗೆ 600, ಸಾಕೆಗೆ 500, ಶೋಚುವಿಗೆ 400. ಕೆಳಗೆ ಒಂದು ನಿಯಮ: ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಕೊಡುವುದಿಲ್ಲ. ಇದು ಬಿಟ್ಟು ಏನು ಕೇಳಿದರೂ ಸಾಮಾನು ಇದ್ದರೆ ಮಾಡಿಕೊಡುತ್ತಾನೆ. ಯಾಕುಜಾ ಗುಂಪಿನ ರ್‍ಯು ಕೇಳುವುದು ಆಕ್ಟೋಪಸ್ ಆಕಾರಕ್ಕೆ ಕೊಯ್ದು ಹುರಿದ ಕೆಂಪು ಸಾಸೇಜನ್ನು. ಸಲಿಂಗಿಗಳ ಬಾರ್ ನಡೆಸುವ ಕೊಸುಜುವಿಗೆ ಬೇಕಾದದ್ದು ಸಿಹಿ ಆಮ್ಲೆಟ್. ಮದುವೆಯಾಗದ ಮೂವರು ಗೆಳತಿಯರು ಸಾಲಾಗಿ ಕೂತು ಚಹಾ ಸುರಿದ ಅನ್ನ ಉಣ್ಣುತ್ತಾರೆ. ಮಕ್ಕಳ ಡಬ್ಬಿಗೆ ಹಾಕುವ ಸಾಸೇಜು ಗೂಂಡಾನ ತಟ್ಟೆಯಲ್ಲಿ ಕಾಣುವುದೇ ಒಂದು ಕತೆ. ಅದನ್ನು ಯಾರೂ ಬಾಯಿಬಿಟ್ಟು ವಿವರಿಸಬೇಕಿಲ್ಲ. ಈ ಮಿತವ್ಯಯ ಸರಣಿಯ ದೊಡ್ಡ ಗುಣ.

ಅಗ್ಗದ ಅಂಗಡಿಯ ಒಳತಿಳಿವಳಿಕೆಯೂ ಸರಣಿಗಿದೆ. ಬೆಲೆ ಗೋಡೆಯ ಮೇಲಿರುವುದರಿಂದ ಒಳಗೆ ಬಂದವನು ತನ್ನ ಜೇಬಿನ ಲೆಕ್ಕವನ್ನು ಮನಸ್ಸಿನಲ್ಲೇ ಮುಗಿಸಿಕೊಳ್ಳಬಹುದು. ಯಾರನ್ನೂ ಕೇಳಿ ಸಣ್ಣವನಾಗಬೇಕಿಲ್ಲ. ಮೂರರ ಮಿತಿ ಇರುವುದರಿಂದ ಅಂಗಡಿಯವನ ಲಾಭ ಗಿರಾಕಿಯ ನಾಶದ ಮೇಲೆ ನಿಂತಿಲ್ಲ. ಹೆಂಗಸರು ಒಬ್ಬರೇ ಬರುತ್ತಾರೆ, ತಲೆ ಎತ್ತಿ ನೋಡುವವರಿಲ್ಲ. ಮುಖ್ಯವಾಗಿ, ತಟ್ಟೆ ಖಾಲಿಯಾದ ಮೇಲೂ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.

ಸರಣಿ ಸುಳ್ಳಾಗುವುದೂ ಇಲ್ಲೇ. ಕೆಲವೇ ಮಂದಿ ಕೂರುವ ಜಾಗ, ಎಬ್ಬಿಸದ ಯಜಮಾನ, 600 ಯೆನ್ ಊಟ, ಮೂರೇ ಗ್ಲಾಸಿನ ಮಿತಿ. ಇಷ್ಟೂ ಸೇರಿದರೆ ಶಿಂಜುಕುವಿನಲ್ಲಿ ಬಾಡಿಗೆ ಕಟ್ಟುವುದು ಹೇಗೆ? ಮಾಸ್ಟರ್‌ನ ಅಡುಗೆಮನೆಗೆ ಗ್ಯಾಸು ಯಾರು ತರುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ, ಅವನಿಗೆ ಜ್ವರ ಬಂದ ದಿನ ಏನಾಗುತ್ತದೆ? ಒಂದೊಂದು ಕಂತು ಒಬ್ಬೊಬ್ಬರ ದುಃಖವನ್ನು ಒಂದೊಂದು ತಿನಿಸಿಗೆ ಕಟ್ಟಿ, ಇಪ್ಪತ್ತೈದು ನಿಮಿಷದೊಳಗೆ ಮಡಚಿ ಕೊಡುತ್ತದೆ. ಮಾಸ್ಟರ್ ಹೋಟೆಲಿನವನಂತೆ ಕಂಡರೂ ಕೆಲಸ ದೇವರದು. ಅವನಿಗೆ ಬೇಡಿಕೆಗಳಿಲ್ಲ, ಬೇಸರವಿಲ್ಲ, ಸಾಲವಿಲ್ಲ. ಹನ್ನೆರಡು ಗಂಟೆ ಪಾಳಿ ಮುಗಿಸಿ ಬಂದು ಮಂಚದ ಮೇಲೆ ಒರಗಿ ನೋಡುವವನಿಗೆ ಅದು ಹಿತವಾಗಿರುತ್ತದೆ, ನಿಜ. ಆದರೆ ಹಿತವಾದದ್ದೆಲ್ಲ ನಿಜವೆಂದು ನಂಬಿ ನಾವು ನಮ್ಮ ಬೀದಿಯ ಅಂಗಡಿಗಳನ್ನು ಅದರೊಡನೆ ಹೋಲಿಸಿ ಮೂಗು ಮುರಿದರೆ, ಅದು ಆ ಅಂಗಡಿಗಳಿಗೆ ಮಾಡುವ ಅನ್ಯಾಯ.

ನಿಜವಾದ ಹಳೆಯ ಇಜಕಾಯಗಳಿಗೆ ಬಾಡಿಗೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೂತ ಕೂಡಲೇ ಕೇಳದೆಯೇ ಒಂದು ಪುಟ್ಟ ಬಟ್ಟಲು ಮುಂದೆ ಬರುತ್ತದೆ: ಬೇಯಿಸಿದ ಗೆಡ್ಡೆ, ಉಪ್ಪಿನಲ್ಲಿ ಹಾಕಿದ ಸೊಪ್ಪು, ಅಂಥದ್ದೇನೋ. ಹೆಸರು ‘ಒತೊಶಿ’. ಬೇಡ ಅನ್ನುವಂತಿಲ್ಲ. ಬಿಲ್ಲಿನಲ್ಲಿ ಸಾಮಾನ್ಯವಾಗಿ 300ರಿಂದ 500 ಯೆನ್ ಸೇರುತ್ತದೆ. ಹೊರದೇಶದ ಪ್ರವಾಸಿಗರು ಇದನ್ನು ಮೋಸ ಎಂದು ದೂರುವುದುಂಟು. ನನಗೆ ಇದು ಬಹಳ ಪ್ರಾಮಾಣಿಕ ವ್ಯವಸ್ಥೆ ಅನ್ನಿಸುತ್ತದೆ. ಒತೊಶಿ ಎಂಬುದು ಕುರ್ಚಿಯ ಬಾಡಿಗೆ. ಅದನ್ನು ಒಂದು ಬಟ್ಟಲು ಪಲ್ಯದ ಮರ್ಯಾದೆಯೊಂದಿಗೆ ಮೊದಲೇ ವಸೂಲು ಮಾಡುತ್ತಾರೆ. ಆಮೇಲೆ ನೀವು ನಿಶ್ಚಿಂತರು. ನಮ್ಮ ಹೋಟೆಲುಗಳಲ್ಲಿ ಆ ಬಾಡಿಗೆ ಬಿಲ್ಲಿನಲ್ಲಿ ಇರುವುದಿಲ್ಲ, ಮಾತಿನಲ್ಲಿ ಇರುತ್ತದೆ. ‘ಇನ್ನೇನು ಕೊಡಲಿ ಸಾರ್?’ ಎಂದು ಮೂರನೇ ಸಲ ಕೇಳಿದರೆ ಏಳಿ ಎಂದರ್ಥ. ಕೇಳದೆಯೇ ಬಿಲ್ಲು ತಂದಿಟ್ಟರೆ ಅದರ ಅರ್ಥ ಇನ್ನೂ ಸ್ಪಷ್ಟ.

ಅಗ್ಗಕ್ಕೂ ಒಂದು ಚರಿತ್ರೆ ಇದೆ. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಟೋಕಿಯೋದ ರೈಲು ನಿಲ್ದಾಣಗಳ ಸುತ್ತ ಕಾಳಸಂತೆಗಳು ಎದ್ದವು. ಶಿಂಜುಕು ನಿಲ್ದಾಣದ ಪಕ್ಕದ ‘ಒಮೊಯಿದೆ ಯೊಕೊಚೊ’, ಅಂದರೆ ನೆನಪಿನ ಓಣಿ, ಅಂಥದೊಂದು ಕಾಳಸಂತೆಯ ಕುಡಿ. ಒಳ್ಳೆಯ ಮಾಂಸ, ಹಿಟ್ಟು ಎಲ್ಲದಕ್ಕೂ ಸರಕಾರದ ನಿಯಂತ್ರಣ ಇದ್ದ ದಿನಗಳಲ್ಲಿ ನಿಯಂತ್ರಣಕ್ಕೆ ಸಿಗದ ಕರುಳು, ಈಲಿಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು ಕೊಟ್ಟರು. ಇವತ್ತು ಪ್ರವಾಸಿಗರು ಸಾಲುಗಟ್ಟಿ ಫೋಟೊ ತೆಗೆಯುವ ಹೊಗೆ ಅಂದಿನ ಹಸಿವಿನ ಹೊಗೆ. ಮನೆಗಳು ಇಕ್ಕಟ್ಟು, ಗೆಳೆಯನನ್ನು ಕರೆದು ಕೂರಿಸಲು ಜಾಗವಿಲ್ಲ. ಹಾಗಾಗಿ ಓಣಿಯ ಬೆಂಚು ಪಡಸಾಲೆಯಾಯಿತು. ಇಜಕಾಯ ಜಪಾನೀಯರ ಯಾವುದೋ ವಿಶೇಷ ಸ್ವಭಾವದಿಂದ ಹುಟ್ಟಿತು ಎಂದು ಬರೆಯುವವರು ಈ ಎರಡು ಕಾರಣಗಳನ್ನು, ಕರುಳು ಮತ್ತು ಇಕ್ಕಟ್ಟನ್ನು, ಮರೆಯುತ್ತಾರೆ. ಪಟಾನ್‌ಚೆರುವಿನಲ್ಲಿ ಎರಡೂ ಧಾರಾಳವಾಗಿವೆ.

ಪಟಾನ್‌ಚೆರು ಗೊತ್ತಿಲ್ಲದವರಿಗೆ: ಪುಣೆ, ಸೊಲ್ಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಬರುವ 65ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ನಗರಕ್ಕೆ ಮುಟ್ಟುವ ಮುನ್ನ ಸಿಗುವ ಕೈಗಾರಿಕಾ ಊರು. ಈಗ ಸಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು. 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಇಲ್ಲಿದೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಮೇಲೆ ಸಂಶೋಧನೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ. ಅಂದರೆ ನಮ್ಮ ಊರಿನ ತಟ್ಟೆಯೆಲ್ಲ ಇಲ್ಲಿ ಪ್ರಯೋಗಾಲಯದಲ್ಲಿದೆ. ಔಷಧ ಕಾರ್ಖಾನೆಗಳು ಸಾಲುಸಾಲಾಗಿವೆ. ಸ್ವಲ್ಪ ಮುಂದೆ ರುದ್ರಾರಂನಲ್ಲಿ ತೋಷಿಬಾದವರ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಇದೆ, ಹಾಗಾಗಿ ಜಪಾನ್ ಎಂಬ ಹೆಸರು ಇಲ್ಲಿಗೆ ಅಪರಿಚಿತವೇನಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಮತ್ತು ಈ ಊರು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯಿಂದ ಕೆಲಸಕ್ಕೆ ಬರುವವರಿಗೆ ಇದು ಪರಊರು ಅನ್ನಿಸುವುದೂ ಹೌದು, ಅನ್ನಿಸದಿರುವುದೂ ಹೌದು. ಇಲ್ಲಿ ಇಜಕಾಯ ಇಲ್ಲ. ಹೈದರಾಬಾದ್, ಬೆಂಗಳೂರಿನಂಥ ನಗರಗಳಲ್ಲಿ ಆ ಹೆಸರು ಹೊತ್ತ ಜಾಗಗಳಲ್ಲಿ ಕೆಂಪು ಲಾಟೀನು ಇರುತ್ತದೆ, ಮರದ ಕೌಂಟರ್ ಇರುತ್ತದೆ, ಅಗ್ಗ ಎಂಬುದೊಂದು ಇರುವುದಿಲ್ಲ. ಇಬ್ಬರ ಬಿಲ್ಲಿನಲ್ಲಿ ಇಲ್ಲಿನ ಗುತ್ತಿಗೆ ಕಾರ್ಮಿಕನ ಹಲವು ದಿನಗಳ ಕೂಲಿ ಹೋಗುತ್ತದೆ. ಹೆಸರು ದಾಟಿ ಬಂತು, ಕಾರಣ ದಾಟಿ ಬರಲಿಲ್ಲ.

ಇಜಕಾಯಕ್ಕೆ ಹತ್ತಿರದ ನಂಟು ಇರುವುದು ವೈನ್ ಶಾಪಿನ ಬಗಲಲ್ಲಿರುವ ಪರ್ಮಿಟ್ ರೂಮಿಗೆ. ಜಪಾನಿನಲ್ಲೂ ಇದರ ಜೋಡಿ ಇದೆ: ಮದ್ಯದಂಗಡಿಯ ಮೂಲೆಯಲ್ಲೇ ನಿಂತು ಕುಡಿಯುವುದಕ್ಕೆ ‘ಕಾಕು-ಉಚಿ’ ಅನ್ನುತ್ತಾರೆ. ಅದರ ಬಗ್ಗೆ ಅಲ್ಲಿ ಚಂದದ ಪುಸ್ತಕಗಳು ಬರುತ್ತವೆ. ನಮ್ಮ ಪರ್ಮಿಟ್ ರೂಮಿನ ಬಗ್ಗೆ ಬರುವುದು ಪತ್ರಿಕೆಯ ಅಪರಾಧ ಪುಟದಲ್ಲಿ. ತಗಡಿನ ಸೂರು, ಗೋಡೆಗುಂಟ ಹಲಗೆ, ಕೆಲವೆಡೆ ಪ್ಲಾಸ್ಟಿಕ್ ಕುರ್ಚಿ. ಗ್ಲಾಸಿಗೆ ಬೇರೆ ದುಡ್ಡು, ನೀರಿನ ಪಾಕೀಟಿಗೆ ಬೇರೆ. ಹೊರಗೆ ತಳ್ಳುಗಾಡಿಯಲ್ಲಿ ಬೋಟಿ ಫ್ರೈ, ಲಿವರ್, ಬೇಯಿಸಿದ ಮೊಟ್ಟೆ, ತೆಲುಗಿನಲ್ಲಿ ‘ಗುಡಾಲು’ ಎನ್ನುವ ಒಗ್ಗರಣೆ ಕಡಲೆ. ಬೋಟಿ ಅಂದರೆ ಕರುಳು. ನೆನಪಿನ ಓಣಿಯ ಕಡ್ಡಿಗೂ ಈ ಬಾಣಲೆಗೂ ವ್ಯತ್ಯಾಸ ಮಸಾಲೆಯದು ಮಾತ್ರ. ಆದರೆ ಇಲ್ಲಿ ಯಾರೂ ‘ಇರುವುದಿಲ್ಲ’. ಕ್ವಾರ್ಟರ್ ಮುಗಿಸುತ್ತಾರೆ, ಹೊರಡುತ್ತಾರೆ. ಮಾತಿಗಿಂತ ಮುಂಚೆ ಅಮಲು ಬರುತ್ತದೆ. ನಾನು ಕಂಡ ಪರ್ಮಿಟ್ ರೂಮುಗಳಲ್ಲಿ ಅವಸರವೇ ಯಜಮಾನ. ಬಿಯರು ದುಬಾರಿ, ವಿಸ್ಕಿ ಕಡಿಮೆ ದುಡ್ಡಿಗೆ ಬೇಗ ಏರುತ್ತದೆ. ಕೂರಲು ಜಾಗವಿಲ್ಲದವನು ಬೇಗ ಏರುವುದನ್ನೇ ಕೊಳ್ಳುತ್ತಾನೆ. ಕುಡುಕರ ಬಗ್ಗೆ ಉಪದೇಶ ಮಾಡುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು.

ಕಲ್ಲು ಕಾಂಪೌಂಡು ಬೇರೆ ರೀತಿ. ನಮ್ಮ ಕಡೆ ಸೇಂದಿ ಎನ್ನುವುದನ್ನು ತೆಲಂಗಾಣದಲ್ಲಿ ಕಲ್ಲು ಅನ್ನುತ್ತಾರೆ. ತಾಳೆಯದು, ಈಚಲದು ಎಂದು ಎರಡು ಬಗೆ. ಬಯಲು, ನೆರಳು, ನೆಲದ ಮೇಲೋ ಕಟ್ಟೆಯ ಮೇಲೋ ಗುಂಪುಗುಂಪಾಗಿ ಕೂತವರು, ನಡುವೆ ಬಾಟಲಿಗಳು. ಇಲ್ಲಿ ಹೆಂಗಸರೂ ಕೂರುತ್ತಾರೆ. ಮುದುಕಿಯರು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡಲೆ ತಿನ್ನಿಸುತ್ತ ಕುಡಿಯುವುದುಂಟು. ಗಂಡಸರದೇ ರಾಜ್ಯವಾಗಿದ್ದ ಹಳೆಯ ಇಜಕಾಯಗಳಿಗಿಂತ ಈ ವಿಷಯದಲ್ಲಿ ಕಾಂಪೌಂಡು ಮುಂದಿದೆ. ‘ಇದ್ದು ಕುಡಿಯುವ ಅಂಗಡಿ’ ಎಂಬ ಮಾತು ಅಕ್ಷರಶಃ ಒಪ್ಪುವುದು ಇದಕ್ಕೆ. ಆದರೆ ಮರದಿಂದ ಇಳಿಯುವ ಕಲ್ಲು ಊರಿನ ಬಾಯಿಗೆಲ್ಲ ಸಾಲದೆ, ನಿದ್ದೆಗುಳಿಗೆಯ ಪುಡಿ ಬೆರೆಸಿದ ನೀರು ಅದರ ಹೆಸರಿನಲ್ಲಿ ಮಾರಾಟವಾಗುವುದು ಈ ರಾಜ್ಯದಲ್ಲಿ ಹಳೆಯ ಕತೆ. ಅಲ್ಪ್ರಾಜೊಲಂ ಎಂಬ ಹೆಸರು ಇಲ್ಲಿ ಔಷಧ ಕಾರ್ಖಾನೆಯವರಿಗೆ ಮಾತ್ರವಲ್ಲ, ಕೂಲಿಯವರಿಗೂ ಗೊತ್ತು. ಚಟ ಹತ್ತಿದವರಿಗೆ ಒಂದು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಫಿಟ್ಸ್ ಬರುತ್ತದೆ. ಮರದ ಕೆಳಗಿನ ಆ ಸುಂದರ ಗುಂಪನ್ನು ವರ್ಣಿಸಿ ಇದನ್ನು ಬಿಟ್ಟರೆ ನಾವೂ ಇನ್ನೊಂದು ‘ಮಿಡ್‌ನೈಟ್ ಡೈನರ್’ ಬರೆದಂತೆ.

ಕುಡಿಯುವ ಅಂಗಡಿಯನ್ನು ಪ್ರೀತಿಯಿಂದಲೂ ಲೆಕ್ಕ ತಪ್ಪದೆಯೂ ತೋರಿಸಿದವರು ಓಜು ಯಸುಜಿರೊ. ‘ಟೋಕಿಯೋ ಸ್ಟೋರಿ’ಯಲ್ಲಿ (1953) ಒನೊಮಿಚಿಯಿಂದ ಮಕ್ಕಳನ್ನು ನೋಡಲು ಬಂದ ವೃದ್ಧ ದಂಪತಿಗೆ ಒಂದು ರಾತ್ರಿ ಮಲಗಲು ಜಾಗವಿರುವುದಿಲ್ಲ. ತಾಯಿ ವಿಧವೆ ಸೊಸೆಯ ಒಂಟಿ ಕೋಣೆಗೆ ಹೋಗುತ್ತಾಳೆ. ತಂದೆ ಹಳೆಯ ಗೆಳೆಯರನ್ನು ಹುಡುಕಿ ಅವರೊಡನೆ ಕುಡಿಯುತ್ತಾನೆ. ಮೂವರು ಮುದುಕರು ಪುಟ್ಟ ಅಂಗಡಿಯಲ್ಲಿ ಕೂತು ಮಕ್ಕಳ ಬಗ್ಗೆ ತಮಗಿರುವ ನಿರಾಸೆಯನ್ನು ಮೊದಲ ಸಲ ಹೊರಗೆ ಹಾಕುತ್ತಾರೆ. ಮನೆಯಲ್ಲಿ ಆಡಲಾಗದ ಮಾತು ಅಲ್ಲಿ ಆಡಬಹುದು. ಅಂಗಡಿಯ ಹೆಂಗಸಿಗೆ ಮಾತ್ರ ಅವರು ಯಾವಾಗ ಏಳುತ್ತಾರೋ ಎಂಬ ಬೇಸರ. ಕೊನೆಗೆ ನಡುರಾತ್ರಿ ಪೊಲೀಸಿನವನು ತಂದೆಯನ್ನೂ ಇನ್ನೊಬ್ಬ ಮುದುಕನನ್ನೂ ಮಗಳ ಮನೆಗೆ ತಂದು ಬಿಡುತ್ತಾನೆ. ಅವರು ಅವಳ ಸಲೂನಿನ ಕುರ್ಚಿಗಳಲ್ಲೇ ನಿದ್ದೆ ಹೋಗುತ್ತಾರೆ. ಮಗಳ ಸಿಟ್ಟು ನಮಗೆ ಕ್ರೂರವಾಗಿ ಕಂಡರೂ ಅದು ಬರಿಯ ಕ್ರೌರ್ಯವಲ್ಲ ಎಂದು ಓಜುಗೆ ಗೊತ್ತು.

ಅವರ ಕೊನೆಯ ಸಿನಿಮಾ ‘ಆನ್ ಆಟಮ್ ಆಫ್ಟರ್‌ನೂನ್’ನಲ್ಲಿ (1962) ಈ ಲೆಕ್ಕ ಇನ್ನೂ ಸ್ಪಷ್ಟ. ಹಳೆಯ ವಿದ್ಯಾರ್ಥಿಗಳು ತಮ್ಮ ಮೇಷ್ಟ್ರನ್ನು ಕರೆದು ಉಣಿಸಿ, ಕುಡಿಸಿ, ನಗಿಸಿ ಮನೆಗೆ ಬಿಡುತ್ತಾರೆ. ಮನೆ ಅಂದರೆ ಒಂದು ಅಗ್ಗದ ನೂಡಲ್ಸ್ ಅಂಗಡಿ, ಅಲ್ಲಿ ತಂದೆಗಾಗಿ ಮದುವೆಯಾಗದೆ ಉಳಿದ ನಡುವಯಸ್ಸಿನ ಮಗಳು. ಅವರು ಹೋದ ಮೇಲೆ ಅವಳು ಮುಖ ಮುಚ್ಚಿ ಅಳುತ್ತಾಳೆ. ಗಂಡಸರ ಒಂದು ಸಂಜೆಯ ನಗುವಿನ ಬಿಲ್ಲನ್ನು ಕಟ್ಟುತ್ತಿರುವವರು ಯಾರು ಎಂದು ಆ ಒಂದೇ ಷಾಟ್ ಹೇಳುತ್ತದೆ. ‘ಮಿಡ್‌ನೈಟ್ ಡೈನರ್’ ಕೌಂಟರಿನ ಈಚೆ ನಿಲ್ಲುತ್ತದೆ. ಓಜು ಕುಡಿದವನ ಹಿಂದೆಯೇ ಅವನ ಮನೆಯ ಬಾಗಿಲಿನವರೆಗೆ ನಡೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡದು.

ಆ ಬಾಗಿಲಿನೊಳಗಿನವರು ಬೀದಿಗೆ ಬಂದ ಚರಿತ್ರೆ ಈ ನೆಲದ್ದೇ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತೆಯ ರಾತ್ರಿಶಾಲೆಗಳ ಬೆಂಬಲದಿಂದ ಸಾರಾಯಿ ಅಂಗಡಿ ಮುಚ್ಚಿಸಿದರು. ಚಳವಳಿ ಹಬ್ಬಿ 1993ರಲ್ಲಿ ಅವಿಭಜಿತ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಸಂಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಅದು ಸಡಿಲವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಟೋಕಿಯೋದ ಕೆಂಪು ಲಾಟೀನಿಗೆ ಮನಸೋತು ಈ ಹೆಂಗಸರನ್ನು ಸಂಪ್ರದಾಯಸ್ಥರೆಂದು ತಳ್ಳಿಹಾಕುವ ಒಂದು ಧಾಟಿ ನಮ್ಮ ಹೊಸ ಬರವಣಿಗೆಯಲ್ಲಿ ಇಣುಕುತ್ತಿದೆ. ಅದು ತಪ್ಪು. ಅವರು ಕೇಳಿದ್ದು ಕೂಲಿಯ ದುಡ್ಡು ಮನೆಗೆ ಬರಲಿ ಎಂದು. ಅದಕ್ಕಿಂತ ನ್ಯಾಯವಾದ ಬೇಡಿಕೆ ಇಲ್ಲ. ಆದರೆ ಸರಕಾರಗಳು ಅದಕ್ಕೆ ಕೊಟ್ಟ ಉತ್ತರದಲ್ಲಿ ಹೋದದ್ದು ಅಗ್ಗದ ಅಂಗಡಿ ಮತ್ತು ಅದರ ಬೆಂಚು. ಮದ್ಯ ಪಾಕೀಟು, ಕ್ವಾರ್ಟರುಗಳ ರೂಪದಲ್ಲಿ ಉಳಿಯಿತು, ಬೊಕ್ಕಸಕ್ಕೆ ಅದರ ಆದಾಯವೂ ಉಳಿಯಿತು. ಕುಡಿತ ಕಡಿಮೆಯಾಗಲಿಲ್ಲ, ಕೂರುವುದು ಕಡಿಮೆಯಾಯಿತು.

ಕೂರುವುದು ಕಡಿಮೆಯಾದದ್ದು ಮದ್ಯದ ಅಂಗಡಿಯಲ್ಲಿ ಮಾತ್ರವಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಬಂದಾಗ ಇಡ್ಲಿ, ಕಾಫಿ ಅಗ್ಗವಾದವು, ಚೊಕ್ಕಟವಾದವು. ಅದಕ್ಕೆ ಪ್ರತಿಯಾಗಿ ಕುರ್ಚಿ ಹೋಯಿತು. ಇದೊಂದು ಒಳ್ಳೆಯ ವ್ಯವಹಾರ ಎಂದು ನಗರ ಒಪ್ಪಿಕೊಂಡಿತು, ನಾವೂ ಒಪ್ಪಿಕೊಂಡೆವು. ಹೈದರಾಬಾದಿನ ಇರಾನಿ ಹೋಟೆಲುಗಳು ಇದಕ್ಕೆ ವಿರುದ್ಧವಾದ ನಂಬಿಕೆಯ ಮೇಲೆ ನಡೆದವು. ಅಮೃತಶಿಲೆಯ ಮೇಜು, ಮರದ ಕುರ್ಚಿ, ಒಂದು ಕಪ್ ಚಹಾ, ಒಂದು ಉಸ್ಮಾನಿಯಾ ಬಿಸ್ಕತ್ತು, ಒಂದು ಗಂಟೆ. ಹನಿ ಮದ್ಯವಿಲ್ಲದ ಈ ಹೋಟೆಲು ಇಜಕಾಯದ ‘ಇ’ ಅಕ್ಷರವನ್ನು ನಮ್ಮ ಬಾರುಗಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿತ್ತು. ಅವೂ ಒಂದೊಂದಾಗಿ ಮುಚ್ಚುತ್ತಿವೆ. ಅವುಗಳ ಹೆಸರು ಹಚ್ಚಿಕೊಂಡ ‘ಇರಾನಿ ಚಾಯ್’ ಮಳಿಗೆಗಳು ಹೆದ್ದಾರಿಯುದ್ದಕ್ಕೂ ಎದ್ದಿವೆ. ಅಲ್ಲಿ ಚಹಾ ನಿಂತು ಕುಡಿಯಬೇಕು.

ಕನ್ನಡ ಸಾಹಿತ್ಯದಲ್ಲಿ ಕೂರುವ ಜಾಗ ಯಾರಿಗೆ ಸಿಕ್ಕಿದೆ? ಜಿ. ಪಿ. ರಾಜರತ್ನಂ ಅವರ ರತ್ನ ಹೆಂಡದಂಗಡಿಯಲ್ಲಿ ಕೂತೇ ಲೋಕವನ್ನು ನೋಡಿದವನು. ಬಡವ, ಬಾಯಿಬಡುಕ, ಹೆಂಡ ಬಿಟ್ಟರೂ ಕನ್ನಡ ಬಿಡೆ ಎನ್ನುವವನು. ಅವನನ್ನು ಸೃಷ್ಟಿಸಿದ ಕವಿ ಹೆಂಡ ಮುಟ್ಟದವರು. ಕುಡಿಯದ ಕಣ್ಣು ಕುಡಿಯುವವನನ್ನು ಹೀಗೆ ಗೌರವದಿಂದ ನೋಡಿದ್ದು ನಮ್ಮ ಭಾಷೆಯ ಭಾಗ್ಯ. ಆದರೆ ಆಮೇಲೆ ರತ್ನನನ್ನು ನಾವು ರಂಜನೆಯ ಹಾಡಾಗಿಸಿದೆವು; ಅವನ ಬೆಂಚು ಏನಾಯಿತು ಎಂದು ಕೇಳಲಿಲ್ಲ. ನಂತರದ ನಮ್ಮ ಬರವಣಿಗೆಯಲ್ಲಿ ಕುಡಿಯುವವನು ಹೆಚ್ಚಾಗಿ ಒಂದೋ ಹೆಂಡತಿಯನ್ನು ಹೊಡೆಯುವ ಪಾಪಿ, ಇಲ್ಲವೇ ನಗೆಪಾಟಲಿನ ಪಾತ್ರ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಶುರುವಾಗುವುದು ಕಾಫಿ ಹೌಸಿನಲ್ಲಿ. ಅಲ್ಲಿನ ವೇಟರ್ ವಿನ್ಸೆಂಟ್ ಕಡಿಮೆ ಮಾತಿನವನು, ಎಲ್ಲ ಬಲ್ಲವನಂತೆ ಕಾಣುವವನು. ಮಾಸ್ಟರ್‌ನ ನಮ್ಮ ಅಣ್ಣ ಎನ್ನಬಹುದು. ನಿರೂಪಕ ಅಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ಹೇಗೆ ಕೂರುತ್ತಾನೆ? ಮನೆಯಲ್ಲಿ ಮಸಾಲೆ ವ್ಯಾಪಾರದ ದುಡ್ಡಿದೆ, ಅವನಿಗೆ ಹೆಸರಿಗೊಂದು ಹುದ್ದೆ ಇದೆ, ಕೆಲಸವಿಲ್ಲ. ಶಾನಭಾಗರ ಜಾಣ್ಮೆ ಇರುವುದು ವಿನ್ಸೆಂಟ್‌ನನ್ನು ದೇವರಾಗಿಸದೆ, ನಿರೂಪಕ ಅವನಿಗೆ ದೇವತ್ವ ಆರೋಪಿಸುವುದನ್ನು ತೋರಿಸುವುದರಲ್ಲಿ. ತನ್ನ ಮನೆಯೊಳಗಿನ ಹಿಂಸೆಯನ್ನು ನೋಡಲಾರದವನಿಗೆ ವೇಟರ್‌ನ ಒಂದು ಮಾತು ಸಾಂತ್ವನವಾಗಬೇಕಾಗುತ್ತದೆ. ‘ಮಿಡ್‌ನೈಟ್ ಡೈನರ್’ ನೋಡುವ ನಮ್ಮನ್ನೂ ಆ ಕಾದಂಬರಿ ಮುಂಚೆಯೇ ಓದಿಬಿಟ್ಟಿದೆ. ನನಗೆ ಅದರಲ್ಲಿ ಕಾಣುವ ಇನ್ನೊಂದು ಸಂಗತಿ ಇದು: ನಮ್ಮ ಈಚಿನ ಗದ್ಯದಲ್ಲಿ ಕುರ್ಚಿ ಸಿಕ್ಕಿರುವುದು ದುಡಿಯಬೇಕಿಲ್ಲದವನಿಗೆ. ದುಡಿದು ದಣಿದವನು ಇನ್ನೂ ನಿಂತೇ ಇದ್ದಾನೆ.

ನಮ್ಮಲ್ಲಿ ಮಾದರಿಗಳಿಲ್ಲ ಎಂದಲ್ಲ. ಹುಬ್ಬಳ್ಳಿ, ಗದಗ ಕಡೆಯ ಸಾವಜಿ ಖಾನಾವಳಿಗಳು ನೇಯ್ಗೆಯವರ ಮನೆಯ ಅಡುಗೆಯಿಂದ ಬೆಳೆದವು. ಖಾರದ ಮಟನ್ನು, ಖೀಮಾ ಉಂಡೆ, ರೊಟ್ಟಿ. ಊಟ ಮುಖ್ಯ, ಕುಡಿತ ಅದರ ಬಗಲಿನದು. ಕಲಬುರಗಿ, ವಿಜಯಪುರದ ಖಾನಾವಳಿಯಲ್ಲಿ ಮುಷ್ಟಿ ದುಡ್ಡಿಗೆ ಎಲೆ ಹಾಕಿ, ರೊಟ್ಟಿ ಸಾಕೆನ್ನುವವರೆಗೆ ಬಡಿಸಿ, ‘ಇನ್ನೊಂದು ತಗೋರಿ’ ಎನ್ನುವ ಅಕ್ಕ ಯಾವ ಮಾಸ್ಟರ್‌ಗಿಂತಲೂ ಕಡಿಮೆಯಲ್ಲ. ಅವರ ಬಗ್ಗೆ ಸರಣಿ ಬಂದಿಲ್ಲ. ಬಂದರೆ ಅವರ ಬಾಡಿಗೆಯ ಲೆಕ್ಕವನ್ನೂ ಸೇರಿಸಿ ಬರಲಿ.

ಹಾಗಾದರೆ ಇಜಕಾಯದಿಂದ ನಾವು ಪಡೆಯಬೇಕಾದದ್ದೇನು? ಲಾಟೀನು ಬೇಡ, ಸಾಕೆಯೂ ಬೇಡ. ಬೆಲೆ ಗೋಡೆಯ ಮೇಲಿರಲಿ. ಊಟ ಮೊದಲು ಬರಲಿ. ಕುಡಿಯುವುದಿದ್ದರೆ ಮಿತಿಯನ್ನು ಅಂಗಡಿಯವನೇ ಹಾಕಲಿ. ಕುರ್ಚಿಗೆ ಬಾಡಿಗೆ ಬೇಕಿದ್ದರೆ ಒತೊಶಿಯ ಹಾಗೆ ಮುಖಕ್ಕೆ ಹೇಳಿ ತೆಗೆದುಕೊಳ್ಳಲಿ, ಆಮೇಲೆ ಎಬ್ಬಿಸದಿರಲಿ. ಪಾಳಿ ಬಿಡುವ ಹೊತ್ತಿಗೆ ಬಾಗಿಲು ತೆರೆದಿರಲಿ. ಜಪಾನೀ ಹೊಗಳಿಕೆಯ ಲೇಖನವಾಗಲಿ, ಹೈದರಾಬಾದಿನ ಹೊಸ ಹೋಟೆಲಿನ ವಿಮರ್ಶೆಯಾಗಲಿ, ಓದುವಾಗ ಈ ಐದು ಪ್ರಶ್ನೆ ಹಾಕಿದರೆ ಸಾ‌ಕು; ಬಹಳಷ್ಟು ಚಂದದ ಫೋಟೊಗಳು ಉತ್ತರ ಕೊಡಲಾರವು.

ಆರನೆಯದೊಂದು ಇದೆ, ಅದು ಕಷ್ಟದ್ದು. ಇಲ್ಲಿನ ಔಷಧ ಕಾರ್ಖಾನೆಗಳ ಲ್ಯಾಬುಗಳಲ್ಲಿ ನಮ್ಮ ಕಡೆಯ ಹುಡುಗಿಯರು ಬಹಳ ಮಂದಿ ಇದ್ದಾರೆ. ಕೆಲಸ ಮುಗಿಸಿ ಕಂಪನಿ ಬಸ್ಸಿನಿಂದ ಹೆದ್ದಾರಿಯಲ್ಲಿ ಇಳಿದವಳಿಗೆ ಹಾಸ್ಟೆಲಿನ ನಾಲ್ವರ ಕೋಣೆಗೆ ಹೋಗುವ ಮುನ್ನ ಅರ್ಧ ಗಂಟೆ ಒಬ್ಬಳೇ ಕೂರಬೇಕು ಅನ್ನಿಸಿದರೆ ಎಲ್ಲಿ ಕೂರಬೇಕು? ಪರ್ಮಿಟ್ ರೂಮಿನ ಮುಂದೆ ಅವಳು ರಸ್ತೆ ದಾಟಿ ನಡೆಯುತ್ತಾಳೆ. ಚಹಾದ ಮಳಿಗೆಯಲ್ಲಿ ಗಂಡಸರು ನಿಂತಿರುತ್ತಾರೆ. ಕುರ್ಚಿ, ಎ.ಸಿ. ಇರುವ ಕೆಫೆಯ ಒಂದು ಕಾಫಿಗೆ ಅವಳ ಎರಡು ಹೊತ್ತಿನ ಊಟದ ದುಡ್ಡು ಬೇಕು. ಉಳಿಯುವುದು ಬಸ್ ಸ್ಟಾಪಿನ ಕಬ್ಬಿಣದ ಬೆಂಚು. ಅಲ್ಲಿ ಯಾವ ಬಸ್ಸಿಗೂ ಕಾಯದೆ ಕೂತವಳನ್ನು ಎರಡು ನಿಮಿಷಕ್ಕೊಮ್ಮೆ ಯಾರೋ ತಿರುಗಿ ನೋಡುತ್ತಾರೆ. ಅಲ್ಲಿ ಕೂರುವುದಕ್ಕೆ ಅವಳು ಎಷ್ಟು ಕೊಡುತ್ತಿದ್ದಾಳೆ ಎಂಬುದು ಯಾವ ಗೋಡೆಯ ಮೇಲೂ ಬರೆದಿಲ್ಲ. ಅದನ್ನು ಬರೆಯಬೇಕಾದದ್ದು ಕನ್ನಡದಲ್ಲಿ, ಮತ್ತು ಬಹುಶಃ ಅವಳೇ.